ಅಪ್ಪನಿಗೆ ಸ್ಟೆಂಟ್ ಆಯ್ತು, ಮನೆಯಲ್ಲಿ ಎರಡು ಅಡುಗೆ ಶುರುವಾಯ್ತು. ಊಟ ಬದಲಾಯಿಸಿದವರು ದಾರಿ ಹೇಳಿ

ಕೊಬ್ಬರಿ_ಮಂಡಿ · ಆಗಸ್ಟ್ 9, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾವು ತಿಪಟೂರು ಕಡೆಯವರು. ಅಪ್ಪನಿಗೆ 57. ತೋಟ ಇದೆ, ಕೊಬ್ಬರಿ ವ್ಯಾಪಾರವೂ ಇದೆ. ಜೂನ್‌ನಲ್ಲಿ ಒಂದು ದಿನ ಬೆಳಗ್ಗೆ ಎದೆ ಹಿಡಿದುಕೊಂಡು ಕೂತುಬಿಟ್ಟರು. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸಿ ಅರ್ಧ ಗಂಟೆ ಹಾಳು ಮಾಡಿದೆವು. ಆಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಅದಕ್ಕೆ ಒಂದು ರೂಪಾಯಿಯೂ ತಗೊಳ್ಳಲಿಲ್ಲ. ಅಲ್ಲಿಂದ ಬೆಂಗಳೂರು, ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್. ಈಗ ಓಡಾಡುತ್ತಿದ್ದಾರೆ.

ಸಮಸ್ಯೆ ಊಟದ್ದು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗೆ ಒಂದೂವರೆ ಪುಟ, ಊಟಕ್ಕೆ ಒಂದೇ ಸಾಲು: "ಎಣ್ಣೆ, ಉಪ್ಪು ಕಡಿಮೆ." ಎಷ್ಟು ಕಡಿಮೆ, ಹೇಗೆ ಕಡಿಮೆ, ಏನೂ ಇಲ್ಲ. ಅಮ್ಮ ಅದನ್ನು ಅಕ್ಷರಶಃ ತಗೊಂಡರು. ನಮಗೆಲ್ಲ ದೊಡ್ಡ ಪಾತ್ರೆಯಲ್ಲಿ ಮಾಮೂಲಿ ಸಾರು. ಅಪ್ಪನಿಗೆ ಪುಟ್ಟ ಪಾತ್ರೆಯಲ್ಲಿ ಉಪ್ಪಿಲ್ಲದ, ಒಗ್ಗರಣೆ ಇಲ್ಲದ, ಕಾಯಿ ಇಲ್ಲದ ಬೇಳೆನೀರು. ಅಪ್ಪ ಎರಡು ತುತ್ತು ತಿಂದು, "ಇದು ಊಟಾನಾ, ಶಿಕ್ಷೆನಾ?" ಅಂತ ಕೈ ತೊಳೆದುಕೊಳ್ಳುತ್ತಾರೆ. ಮೊನ್ನೆ ಮಂಡಿ ಹತ್ತಿರದ ಹೋಟೆಲಿನಲ್ಲಿ ಎರಡು ಉದ್ದಿನವಡೆ ಮುಂದೆ ಕೂತಿದ್ದರು. ನನ್ನ ನೋಡಿ ಪೇಪರ್ ಅಡ್ಡ ಹಿಡಿದರು!

ಜೂನ್‌ನ ರಿಪೋರ್ಟ್: ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 148, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) 260, ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್) 34. ಬಿಪಿ 150/90. ಕಿಡ್ನಿ ಹೇಗಿದೆ ಅಂತ ನೋಡುವ ಕ್ರಿಯಾಟಿನಿನ್ 1.5, ಸ್ವಲ್ಪ ಜಾಸ್ತಿ. ಮಾತ್ರೆ: ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್, ಕ್ಲೋಪಿಡೊಗ್ರೆಲ್; ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್; ಬಿಪಿಗೆ ಟೆಲ್ಮಿಸಾರ್ಟನ್. ಮನೆಯಲ್ಲಿ ನಾಲ್ಕು ಜನ. ಮುದ್ದೆ, ಅನ್ನ, ಸಾರು, ಮೇಲೆ ಧಾರಾಳ ಕಾಯಿ. ದಾರಿ ಹೇಳಿ.

---

ಬಸ್ಸಾರಮ್ಮ · ಆಗಸ್ಟ್ 9, ರಾತ್ರಿ 10:25

ತಮ್ಮಾ, ಮೊದಲು ಆ ಪುಟ್ಟ ಪಾತ್ರೆ ಅಟ್ಟಕ್ಕೆ ಹಾಕು. ನಾನೂ ಅದೇ ತಪ್ಪು ಮಾಡಿದವಳು. ನಮ್ಮದು ಹಾಸನ. 2019ರಲ್ಲಿ ನಮ್ಮ ಯಜಮಾನರಿಗೆ ಬೈಪಾಸ್ ಆಯಿತು. ಮೂರು ತಿಂಗಳು ಬೇರೆ ಅಡುಗೆ ಮಾಡಿದೆ. ಪಕ್ಕದಲ್ಲಿ ಮಗ ಘಮಘಮ ಒಗ್ಗರಣೆ ಸಾರು ಸುರಿದುಕೊಂಡರೆ ಇವರಿಗೆ ಹೇಗನಿಸಬೇಕು ಹೇಳು. ಮನೆಗೆಲ್ಲ ಒಂದೇ ಅಡುಗೆ ಆಗಬೇಕು. ಅಪ್ಪನ ಪಾತ್ರೆಗೆ ಉಪ್ಪು ಹಾಕು ಅಂತಲ್ಲ, ನಿಮ್ಮ ಪಾತ್ರೆಯಿಂದ ತೆಗೆಯಿರಿ ಅಂತ.

ನಾನು ಮಾಡಿದ ಉಪಾಯ ಹೇಳುತ್ತೇನೆ. ತೂಕ ಇಲ್ಲ, ಗ್ರಾಂ ಇಲ್ಲ. ಹೊಸ ಉಪ್ಪಿನ ಪ್ಯಾಕೆಟ್ ಕತ್ತರಿಸಿದ ದಿನ ಅದರ ಮೇಲೆ ಪೆನ್ನಲ್ಲಿ ತಾರೀಖು ಬರೆದೆ. ಒಂದು ಕೆಜಿ, ನಾಲ್ಕು ಜನ. 24 ದಿನಕ್ಕೆ ಖಾಲಿ! ಮಗ ಲೆಕ್ಕ ಹಾಕಿದ: ತಲೆಗೆ ದಿನಕ್ಕೆ 10 ಗ್ರಾಂ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ. ಆ ಲೆಕ್ಕದಲ್ಲಿ ನಾಲ್ಕು ಜನಕ್ಕೆ ಒಂದು ಕೆಜಿ 50 ದಿನ ಬರಬೇಕು. ಹಪ್ಪಳ, ಬಿಸ್ಕತ್ತು, ಹೋಟೆಲು ಇನ್ನೂ ಸೇರಿಸಿಲ್ಲ ನೋಡು.

ಒಂದೇ ಸಲ ಅರ್ಧ ಮಾಡಬೇಡಿ, ಗಲಾಟೆ ಆಗುತ್ತದೆ. ನಾನು ಯಾರಿಗೂ ಹೇಳದೆ ಮೊದಲ ವಾರ ಮುದ್ದೆಗೆ, ಅನ್ನಕ್ಕೆ, ಚಪಾತಿ ಹಿಟ್ಟಿಗೆ ಉಪ್ಪು ಹಾಕುವುದು ಬಿಟ್ಟೆ. ಒಬ್ಬರೂ ಗಮನಿಸಲಿಲ್ಲ. ಆಮೇಲೆ ಸಾರಿಗೆ ಕುದಿಯುವಾಗ ಹಾಕುವ ಬದಲು ಇಳಿಸುವ ಹೊತ್ತಿಗೆ ಹಾಕತೊಡಗಿದೆ. ಕಡಿಮೆ ಹಾಕಿದರೂ ನಾಲಿಗೆಗೆ ತಾಗುತ್ತದೆ. ಹುಣಸೆ, ನಿಂಬೆ, ಕಾಳುಮೆಣಸು, ಬೆಳ್ಳುಳ್ಳಿ ಸ್ವಲ್ಪ ಮುಂದೆ ಬಂದವು. ಉಪ್ಪಿನಕಾಯಿ ಜಾಡಿ ಊಟದ ಜಾಗದಿಂದ ಕಪಾಟಿನ ಒಳಗೆ ಹೋಯಿತು. ಕಣ್ಣಿಗೆ ಬೀಳದಿದ್ದರೆ ಅರ್ಧ ಜನ ಕೇಳುವುದೇ ಇಲ್ಲ. ಸುಮಾರು ಎರಡು ತಿಂಗಳಿಗೆ ನಾಲಿಗೆ ಹೊಂದಿಕೊಂಡಿತು. ಈಗ ಮದುವೆ ಮನೆ ಸಾರು ತಿಂದರೆ ನಮಗೇ ಉಪ್ಪು ಉಪ್ಪು.

ಉಪ್ಸಾರು ಮಾಡುವವರಾದರೆ ಅದರ ಖಾರಕ್ಕೆ ಹಾಕುವ ಉಪ್ಪು ನೋಡಿಕೊಳ್ಳಿ. ಸಾರಿಗೊಮ್ಮೆ, ಖಾರಕ್ಕೊಮ್ಮೆ, ಎರಡು ಸಲ ಬೀಳುತ್ತದೆ.

---

ಗಾಣದೆಣ್ಣೆ_ಗುರು · ಆಗಸ್ಟ್ 10, ಬೆಳಗ್ಗೆ 6:50

ಇದೆಲ್ಲ ಸುಮ್ನೆ ಹೆದರಿಸುವುದು ಕಣ್ರೀ. ನಮ್ಮಜ್ಜ ದಿನಾ ತುಪ್ಪ, ಬೆಣ್ಣೆ, ಕಾಯಿ ತಿಂದು 92 ವರ್ಷ ಬದುಕಿದ್ದರು. ಮಾತ್ರೆ ಮುಖ ನೋಡಿರಲಿಲ್ಲ. ರಿಫೈನ್ಡ್ ಎಣ್ಣೆ ಬಂದ ಮೇಲೇ ಹಾರ್ಟ್ ಅಟ್ಯಾಕ್ ಬಂದಿದ್ದು. ಗಾಣದ ಎಣ್ಣೆಗೆ ಬನ್ನಿ, ಎಷ್ಟು ಬೇಕಾದರೂ ತಿನ್ನಿ.

---

ನಿವೃತ್ತ_ಕಂಡಕ್ಟರ್ · ಆಗಸ್ಟ್ 10, ಬೆಳಗ್ಗೆ 8:15

ಗುರುಗಳೇ, ನಿಮ್ಮಜ್ಜ ತುಪ್ಪ ತಿಂದ ಮೇಲೆ ಏನು ಮಾಡುತ್ತಿದ್ದರು? ನೇಗಿಲು ಹೊಡೆಯುತ್ತಿದ್ದರಾ, ಫೋನ್ ನೋಡುತ್ತಿದ್ದರಾ? ನಮ್ಮಜ್ಜನೂ 88 ಬದುಕಿದ್ದರು. ಅವರ ತಮ್ಮ 49ಕ್ಕೆ ಹೊಲದಲ್ಲೇ ಕುಸಿದರು. "ವಾಯು ಹಿಡೀತು" ಅಂದರು, ಮುಗಿಯಿತು. 92 ಬದುಕಿದ ಅಜ್ಜ ಗೋಡೆ ಮೇಲೆ ಫೋಟೋ ಆಗಿ ಕತೆ ಹೇಳುತ್ತಾರೆ. 49ಕ್ಕೆ ಹೋದವರ ಫೋಟೋ ಕೂಡ ಇಲ್ಲ. ಲೆಕ್ಕ ಹಾಕುವಾಗ ಇಬ್ಬರನ್ನೂ ಹಾಕಬೇಕಲ್ವಾ?

ನಾನು 31 ವರ್ಷ ಬಸ್ಸಲ್ಲಿ ನಿಂತವನು. ನನ್ನ ಊಟ ಅಂದರೆ ಬಸ್ ಸ್ಟ್ಯಾಂಡ್ ಹೋಟೆಲಿನ ಇಡ್ಲಿ ವಡೆ, ಚಿತ್ರಾನ್ನ, ಸಂಜೆ ಬೋಂಡ, ಆಮೇಲೆ ಬೀಡಿ. ಮೊದಲ ಅಟ್ಯಾಕ್ 2014ರಲ್ಲಿ. ಎರಡನೆಯದರ ಕತೆ ಬೇರೆ, ಇನ್ನೊಮ್ಮೆ ಹೇಳುತ್ತೇನೆ.

---

ತಟ್ಟೆ_ತೂಕ · ಆಗಸ್ಟ್ 10, ಮಧ್ಯಾಹ್ನ 1:30

ನಾನು ಒಂದು ಆಸ್ಪತ್ರೆಯಲ್ಲಿ ಡಯಟಿಷಿಯನ್. ಇಲ್ಲಿ ಬರೆಯುವುದು ನಿಮ್ಮ ವೈದ್ಯರ ಮಾತಿಗೆ ಬದಲಿ ಅಲ್ಲ. ಆದರೆ ಕೊಬ್ಬರಿ_ಮಂಡಿ ಅವರು ರಿಪೋರ್ಟ್ ಹಾಕಿದ್ದು ಒಳ್ಳೆಯದಾಯಿತು.

ಅಪ್ಪನ ರಿಪೋರ್ಟ್ ನಮ್ಮವರಲ್ಲಿ ದಿನಾ ಕಾಣುವ ಮಾದರಿ: ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ. ಇದಕ್ಕೆ ಎಲ್ಲರೂ ಎಣ್ಣೆಯನ್ನೇ ಬೈಯುತ್ತಾರೆ. ಆದರೆ ಟ್ರೈಗ್ಲಿಸರೈಡ್ ಏರಿಸುವುದರಲ್ಲಿ ಅನ್ನ, ಸಕ್ಕರೆ, ಮದ್ಯದ ಪಾಲು ದೊಡ್ಡದು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಸುಮಾರು 5–6 ವರ್ಷ ಮೊದಲೇ ಆಗುತ್ತದೆ ಅಂತ ಕಂಡಿತ್ತು. ಕಾರಣಗಳು ಬೇರೆ ದೇಶದವರವೇ: ತಂಬಾಕು, ರಕ್ತದ ಕೊಬ್ಬು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು. ನಮಗೆ ಅವು ಬೇಗ ಬರುತ್ತವೆ, ಅಷ್ಟೇ.

ಎಣ್ಣೆ: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ತಟ್ಟೆಯಲ್ಲಿ ಎಣ್ಣೆ ತುಪ್ಪ ಎಲ್ಲ ಸೇರಿ ದಿನಕ್ಕೆ 27 ಗ್ರಾಂ. ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100. ನಮ್ಮ ತಟ್ಟೆಗಳಲ್ಲಿ ತರಕಾರಿ 400 ಗ್ರಾಂ ಇರುವುದು ನಾನು ಮದುವೆ ಮನೆಯಲ್ಲೂ ನೋಡಿಲ್ಲ. ಹೃದಯದ ತೊಂದರೆ ಇರುವವರಿಗೆ ನಾನು ಹೇಳುವ ಸುಲಭ ಲೆಕ್ಕ: ತಲೆಗೆ ತಿಂಗಳಿಗೆ ಅರ್ಧ ಲೀಟರ್. ದಿನಕ್ಕೆ 3 ಟೀ ಚಮಚದ ಆಸುಪಾಸು. ನಿಮ್ಮ ಮನೆಗೆ ತಿಂಗಳಿಗೆ 2 ಲೀಟರ್. ಒಂದನೇ ತಾರೀಖು ಅಷ್ಟನ್ನು ಬೇರೆ ಕ್ಯಾನಿಗೆ ಸುರಿದಿಟ್ಟುಕೊಳ್ಳಿ. ಸೌಟಲ್ಲಿ ಎಣ್ಣೆ ಹಾಕುವುದು ಬಿಟ್ಟು ಚಮಚಕ್ಕೆ ಬನ್ನಿ.

ಗಾಣದೆಣ್ಣೆ ಗುರುಗಳಿಗೆ: ಗಾಣದ್ದು ಒಳ್ಳೆಯದೇ, ರುಚಿ ಇದೆ, ತಿನ್ನಿ. ಆದರೆ ಗಾಣದ ಕಡಲೆಕಾಯಿ ಎಣ್ಣೆ ಒಂದು ಚಮಚಕ್ಕೆ ಸುಮಾರು 40 ಕ್ಯಾಲೊರಿ, ರಿಫೈನ್ಡೂ ಅಷ್ಟೇ. "ಎಷ್ಟು ಬೇಕಾದರೂ" ಅನ್ನುವ ಎಣ್ಣೆ ಇನ್ನೂ ಹುಟ್ಟಿಲ್ಲ. ನಿಜವಾಗಿ ದೂರ ಇಡಬೇಕಾದ್ದು ಡಾಲ್ಡಾ ಥರದ ವನಸ್ಪತಿ ಮತ್ತು ಕಾದು ಕಾದು ಕಪ್ಪಾದ ಎಣ್ಣೆ. ಅವುಗಳಲ್ಲಿರುವ, ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಕೊಬ್ಬು 2% ಮೀರಬಾರದು ಅಂತ ನಮ್ಮಲ್ಲಿ 2022ರಿಂದ ನಿಯಮ ಇದೆ. ಆದರೆ ಬೋಂಡದ ಬಾಣಲೆಯಲ್ಲಿ ಎಣ್ಣೆ ಎಷ್ಟನೇ ಸಲ ಕಾಯುತ್ತಿದೆ ಅಂತ ಯಾರು ನೋಡುತ್ತಾರೆ?

ಈಗ ಕಷ್ಟದ ಮಾತು, ಕಾಯಿ. ತಿಪಟೂರಿನವರ ಮುಂದೆ ಹೇಳಲು ಧೈರ್ಯ ಬೇಕು. 100 ಗ್ರಾಂ ಹಸಿ ಕಾಯಿತುರಿಯಲ್ಲಿ 33 ಗ್ರಾಂ ಕೊಬ್ಬು, ಬಹುಪಾಲು ಸ್ಯಾಚುರೇಟೆಡ್. ಕೊಬ್ಬರಿಯಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟು. ಸ್ಯಾಚುರೇಟೆಡ್ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ. ಬಿಟ್ಟೇಬಿಡಿ ಅನ್ನುವುದಿಲ್ಲ. ಮಸಾಲೆಗೆ ರುಬ್ಬುವ ಕಾಯಿ ಅರ್ಧ ಮಾಡಿ, ಆ ಜಾಗಕ್ಕೆ ಹುರಿಗಡಲೆಯನ್ನೋ ಬೆಂದ ಬೇಳೆಯನ್ನೋ ಹಾಕಿ. ಸಾರು ಗಟ್ಟಿ ಬರುತ್ತದೆ.

ಇನ್ನೊಂದು ವಿಷಯ, ಕ್ರಿಯಾಟಿನಿನ್ 1.5 ಅಂದಿದ್ದೀರಿ. ಯಾವ "ಹೆಲ್ದಿ ಉಪ್ಪು" ತರುವ ಮೊದಲೂ ಇಲ್ಲಿ ಒಮ್ಮೆ ಕೇಳಿ.

---

ಬಿಳಿಜೋಳ · ಆಗಸ್ಟ್ 11, ಸಂಜೆ 7:05

ಬಾಗಲಕೋಟಿ ಕಡೆಯವನ್ರೀ. ನಮ್ಮ ಕಡೆ ಎಲ್ಲರೂ "ಜೋಳದ ರೊಟ್ಟಿ ತಿಂತೀವಿ, ನಮಗೇನಾಗತೈತಿ" ಅಂತಾರೆ. ರೊಟ್ಟಿಗೇನೋ ಎಣ್ಣೆ ಇಲ್ಲ, ಉಪ್ಪೂ ಇಲ್ಲ, ಖರೆ. ಆದರೆ ಅದರ ಜೊತೆಗೆ ಎಣ್ಣೆಗಾಯಿ ಮೇಲೆ ತೇಲುವ ಎಣ್ಣೆ, ಸಂಜೆಗೆ ಗಿರ್ಮಿಟ್ ಜೊತೆ ನಾಲ್ಕು ಮಿರ್ಚಿ. ರೊಟ್ಟಿ ಗಳಿಸಿದ್ದನ್ನು ಮಿರ್ಚಿ ಖರ್ಚು ಮಾಡುತ್ತದೆ.

ನಮ್ಮ ಮನೆಯಲ್ಲಿ ಎಣ್ಣೆಗಾಯಿ ಬಿಡಲು ಆಗಲಿಲ್ಲ, ಮಾಡುವ ರೀತಿ ಬದಲಾಯಿತು. ಮೊದಲು ಅವ್ವ ಬದನೆಕಾಯಿ ಮುಳುಗುವಷ್ಟು ಎಣ್ಣೆಯಲ್ಲಿ ಹುರಿಯುತ್ತಿದ್ದಳು. ಈಗ ಮುಳಗಾಯಿಯನ್ನು ನಾಲ್ಕು ಸೀಳು ಮಾಡಿ, ಇಡ್ಲಿ ಪಾತ್ರೆಯಲ್ಲಿ ಮುಕ್ಕಾಲು ಬೇಯಿಸಿಕೊಳ್ಳುತ್ತಾಳೆ. ಶೇಂಗಾ, ಗುರೆಳ್ಳು, ಒಣಮೆಣಸಿನಕಾಯಿ ಒಣಗೇ ಹುರಿದು ಕುಟ್ಟಿ, ಹುಣಸೆ ರಸ, ಚೂರು ಬೆಲ್ಲ ಸೇರಿಸಿ ತುಂಬುವುದು. ದಪ್ಪ ತಳದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ, ಸಾಸಿವೆ, ಕರಿಬೇವು. ಕಾಯಿ ಇಟ್ಟು, ಮುಚ್ಚಳದ ಮೇಲೆ ನೀರು ಹಾಕಿ, ಸಣ್ಣ ಉರಿ. ಹತ್ತು ನಿಮಿಷಕ್ಕೆ ಶೇಂಗಾ, ಗುರೆಳ್ಳು ತಮ್ಮ ಎಣ್ಣೆಯನ್ನೇ ಬಿಡುತ್ತವೆ. ಅಂಚಿನಲ್ಲಿ ಕೆಂಪಗೆ ಹೊಳೆಯುವುದು ಕಾಣುತ್ತದೆ. ಅಷ್ಟು ಕಂಡರೆ ಅಪ್ಪಾಜಿಗೆ ಸಮಾಧಾನ. "ಎಣ್ಣಿ ಐತಿ" ಅಂತ ಸುಮ್ಮನೆ ಉಣ್ಣುತ್ತಾರೆ.

ಅಗಸಿ ಹಿಂಡಿಯನ್ನೂ ರೂಢಿ ಮಾಡಿಕೊಳ್ಳಿ. ಅಗಸೆಯಲ್ಲಿ ಹೃದಯಕ್ಕೆ ಒಳ್ಳೆಯ ಕೊಬ್ಬು ಒಮೆಗಾ-3 ಇದೆ, ನಾರೂ ಇದೆ. ಉಪ್ಪು ಮಾತ್ರ ಕೈ ಹಿಡಿದು ಹಾಕಿ. ಹಿಂಡಿಯಲ್ಲಿ ಉಪ್ಪು ಗೊತ್ತೇ ಆಗುವುದಿಲ್ಲ.

---

ಬಂಗುಡೆ_ಪ್ರಿಯ · ಆಗಸ್ಟ್ 12, ರಾತ್ರಿ 9:10

ಮಂಗಳೂರಿನಿಂದ. ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿ ಹತ್ತಿರ ಒಮೆಗಾ-3 ಚೆನ್ನಾಗಿ ಸಿಗುತ್ತದೆ, ದುಬಾರಿ ಮೀನೇ ಬೇಕಿಲ್ಲ. ಆದರೆ ರವೆ ಸವರಿ ತವಾ ತುಂಬ ಎಣ್ಣೆ ಹಾಕಿ ಕರಿದರೆ ಏನು ಬಂತು? ಪುಳಿಮುಂಚಿ ಮಾಡಿ. ಅದಕ್ಕೆ ಕಾಯಿ ಬೇಡ, ಹುಣಸೆ ಮೆಣಸು ಸಾಕು. ಇಲ್ಲವೇ ಮಸಾಲೆ ಹಚ್ಚಿ ಬಾಳೆ ಎಲೆಯಲ್ಲಿ ಸುತ್ತಿ ಕಾವಲಿ ಮೇಲೆ ಇಡಿ. ಒಣಮೀನು ಮಾತ್ರ ಬಿಪಿ ಇರುವವರು ಬಿಟ್ಟುಬಿಡಿ, ಅದು ಮೀನಿನ ವಾಸನೆಯ ಉಪ್ಪು. ಗಂಜಿ ಜೊತೆ ಅದಿಲ್ಲದೆ ನನಗೂ ಹೊಟ್ಟೆ ಉರಿಯಿತು, ಈಗ ಹುರುಳಿ ಚಟ್ನಿಯಲ್ಲಿ ಸುಧಾರಿಸುತ್ತೇನೆ.

ತಿಪಟೂರಿನವರು ಮೀನು ತಿನ್ನುತ್ತಾರೋ ಗೊತ್ತಿಲ್ಲ, ಬೇರೆಯವರಿಗಾದರೂ ಇರಲಿ ಅಂತ ಬರೆದೆ.

---

ಕುವೈತ್_ಕನ್ನಡಿಗ · ಆಗಸ್ಟ್ 13, ರಾತ್ರಿ 11:55

ರೂಮಿನಲ್ಲಿ ಒಬ್ಬನೇ ಇರುವವನ ಮಾತು. ನನ್ನ ಬಿಪಿ ಏರಿಸಿದ್ದು ಅಡುಗೆ ಮನೆ ಉಪ್ಪಲ್ಲ, ಪ್ಯಾಕೆಟ್ಟು. ಬ್ರೆಡ್, ನೂಡಲ್ಸ್, ಫ್ರೋಜನ್ ಪರೋಟ. ಪ್ಯಾಕೆಟ್ ಹಿಂದೆ ಸೋಡಿಯಂ ಅಂತ ಇರುತ್ತದೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ಒಂದು ನೂಡಲ್ಸ್ ಪೊಟ್ಟಣದಲ್ಲಿ ದಿನದ ಅರ್ಧ ಉಪ್ಪು ನೋಡಿ ಪೊಟ್ಟಣ ಕೆಳಗಿಟ್ಟೆ. ಊರಿಗೆ ಬಂದಾಗ ಬೇಕರಿಯ ಖಾರ ಬಿಸ್ಕತ್ತಿಗೆ ಚೀಟಿಯೇ ಇರುವುದಿಲ್ಲ, ಅದು ಇನ್ನೊಂದು ಕತೆ.

---

ಕೊಬ್ಬರಿ_ಮಂಡಿ · ಆಗಸ್ಟ್ 24, ರಾತ್ರಿ 8:30

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರದ ವರದಿ. ಪುಟ್ಟ ಪಾತ್ರೆ ಅಟ್ಟ ಸೇರಿತು. ಈಗ ಮನೆಗೆಲ್ಲ ಒಂದೇ ಸಾರು. ತಂಗಿ ಮೊದಲ ದಿನ ಮೂತಿ ತಿರುವಿದಳು, ಆಮೇಲೆ ಸರಿಹೋದಳು. ಬಸ್ಸಾರಿನ ಪಲ್ಯ ಮೊದಲು ತಟ್ಟೆ ಮೂಲೆಯಲ್ಲಿ ಉಪ್ಪಿನಕಾಯಿ ಥರ ಕೂತಿರುತ್ತಿತ್ತು, ಈಗ ಅರ್ಧ ತಟ್ಟೆ ಅದೇ. ಮುದ್ದೆ ಮೇಲೆ ಎರಡು ಸೌಟು ಅನ್ನ ಇರುತ್ತಿತ್ತಲ್ಲ, ಅದು ಒಂದಾಯಿತು.

ಆದರೆ ಒಂದು ಎಡವಟ್ಟು ಆಗಿದೆ. ತಟ್ಟೆ_ತೂಕ ಮೇಡಂ "ಕೇಳಿ" ಅಂದಿದ್ದನ್ನು ನಾನು ಮನೆಯಲ್ಲಿ ಹೇಳಲೇ ಇಲ್ಲ. ಮಾವ ಬೆಂಗಳೂರಿನಿಂದ ಬರುವಾಗ ಲೋ ಸೋಡಿಯಂ ಉಪ್ಪು ತಂದರು. ಅಮ್ಮನಿಗೆ ಖುಷಿಯೋ ಖುಷಿ, "ಇದು ಬಿಪಿ ಉಪ್ಪು" ಅಂತ ಧಾರಾಳ ಹಾಕಿದರು. ಎಂಟು ದಿನ. ಮೊನ್ನೆ ಚೆಕಪ್‌ಗೆ ಹೋದಾಗ ರಕ್ತದಲ್ಲಿ ಪೊಟ್ಯಾಸಿಯಂ 5.8 ಬಂತು, ಇರಬೇಕಾದ್ದಕ್ಕಿಂತ ಜಾಸ್ತಿ. ಡಾಕ್ಟರು ಇಸಿಜಿ ತೆಗೆದು, ಉಪ್ಪಿನ ಕತೆ ಕೇಳಿ, ಅಮ್ಮನ ಮುಖ ನೋಡಿ ಬೈಯಲೂ ಆಗದೆ ಸುಮ್ಮನಾದರು. ಆ ಉಪ್ಪು ನಿಲ್ಲಿಸಿದ್ದೇವೆ, ನಾಡಿದ್ದು ಮತ್ತೆ ರಕ್ತ ಪರೀಕ್ಷೆ. ಅಮ್ಮ ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ.

---

ತಟ್ಟೆ_ತೂಕ · ಆಗಸ್ಟ್ 24, ರಾತ್ರಿ 9:00

ಅಮ್ಮನಿಗೆ ಹೇಳಿ, ಇದು ಅವರ ತಪ್ಪಲ್ಲ. ಪ್ಯಾಕೆಟ್ ಮೇಲಿನ ಎಚ್ಚರಿಕೆ ಇರುವೆ ಗಾತ್ರದಲ್ಲಿರುತ್ತದೆ.

ಬೇರೆಯವರಿಗೂ ತಿಳಿಯಲಿ ಅಂತ ಬಿಡಿಸಿ ಬರೆಯುತ್ತೇನೆ. ಈ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಹಾಕಿರುತ್ತಾರೆ. ಅದು ಕೆಟ್ಟದ್ದೇನಲ್ಲ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಸುಮಾರು 14% ಕಡಿಮೆಯಾಗಿತ್ತು. ಆದರೆ ಗಂಭೀರ ಕಿಡ್ನಿ ತೊಂದರೆ ಇದೆ ಅಂತ ಗೊತ್ತಿದ್ದವರನ್ನು ಆ ಪ್ರಯೋಗಕ್ಕೆ ಸೇರಿಸಿಕೊಂಡಿರಲಿಲ್ಲ. ಕಿಡ್ನಿ ಸುಸ್ತಾಗಿದ್ದರೆ ಪೊಟ್ಯಾಸಿಯಂ ಸರಿಯಾಗಿ ಹೊರಗೆ ಹೋಗುವುದಿಲ್ಲ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಥರದ ಮಾತ್ರೆಗಳೂ ಅದನ್ನು ಒಳಗೇ ಉಳಿಸುತ್ತವೆ. ಅಪ್ಪನಿಗೆ ಎರಡೂ ಇವೆ. ಪೊಟ್ಯಾಸಿಯಂ ತೀರಾ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ರಿಪೋರ್ಟ್ ಬರುವವರೆಗೆ ಎಳನೀರೂ ಬೇಡ. ತೋಟದವರು, ದಿನಾ ಕುಡಿಯುತ್ತೀರಿ ಅಂತ ಅಂದಾಜು.

"ಹಾಗಾದರೆ ಸೈಂಧವ ಲವಣ?" ಅಂತ ಯಾರಾದರೂ ಕೇಳುವ ಮೊದಲೇ: ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಬಣ್ಣ ಗುಲಾಬಿ, ಬೆಲೆ ಜಾಸ್ತಿ, ಅಯೋಡಿನ್ ಇಲ್ಲ.

---

ಬಸ್ಸಾರಮ್ಮ · ಆಗಸ್ಟ್ 24, ರಾತ್ರಿ 9:40

ಅಮ್ಮನಿಗೆ ಊಟ ಮಾಡಲು ಹೇಳಪ್ಪ. ಮನೆಯವರೆಲ್ಲರ ಹೃದಯ ಅವರ ಕೈಯಲ್ಲಿದೆ, ಅವರ ಹೃದಯ ಯಾರು ನೋಡುತ್ತಾರೆ? ಅವರ ಬಿಪಿ ಎಂದಾದರೂ ಚೆಕ್ ಮಾಡಿಸಿದ್ದೀಯಾ? ನನ್ನದು ಯಜಮಾನರ ಆಪರೇಷನ್ ದಿನ ನರ್ಸ್ ಸುಮ್ಮನೆ ನೋಡಿದಳು, 170 ಇತ್ತು.

ನಮ್ಮ ಹಾಸನದಲ್ಲಿ 2025ರ ಜೂನ್, ಜುಲೈ ಪೂರ್ತಿ ಹಾರ್ಟ್ ಅಟ್ಯಾಕಿನದೇ ಭಯ. ಸಾವಿನ ಸುದ್ದಿ ಟಿವಿಯಲ್ಲಿ ಬಂದು ಬಂದು, ಜನ ಬೆಳಗಿನ ಜಾವವೇ ಮೈಸೂರಿನ ಜಯದೇವ ಹೃದಯ ಆಸ್ಪತ್ರೆಯ ಮುಂದೆ ಸಾಲು ನಿಂತರು. ಆಮೇಲೆ ತಜ್ಞರ ಸಮಿತಿ ಅಸಹಜ ಏರಿಕೆ ಏನಿಲ್ಲ ಅಂತ ವರದಿ ಕೊಟ್ಟಿತು. ಸಾಲಿನಲ್ಲಿ ನಿಂತವರು ವಾಪಸ್ ಬರುವಾಗ ದಾರಿಯಲ್ಲಿ ಮದ್ದೂರು ವಡೆ ತಿಂದರಂತೆ, ನಮ್ಮ ಬೀದಿಯವರೇ ಹೇಳಿ ನಕ್ಕರು. ಮದ್ದೂರು ಆ ದಾರಿಯಲ್ಲಿ ಬರುವುದೇ ಇಲ್ಲ, ವಡೆ ಮಾತ್ರ ಎಲ್ಲ ಕಡೆ ಬರುತ್ತದೆ.

---

ಬಿಳಿಜೋಳ · ಆಗಸ್ಟ್ 25, ಬೆಳಗ್ಗೆ 10:20

ನಡುವೆ ಒಂದು ಪ್ರಶ್ನೆ. ನಮ್ಮ ಕಾಕಾಗೂ ಹಾರ್ಟ್ ಆಪರೇಷನ್ ಆಗಿದೆ. ಅವರಿಗೆ ಡಾಕ್ಟರು ಸೊಪ್ಪು ಜಾಸ್ತಿ ತಿನ್ನಬೇಡಿ ಅಂದಿದ್ದಾರೆ. ಇಲ್ಲಿ ಎಲ್ಲರೂ ಸೊಪ್ಪು ತಿನ್ನಿ ಅಂತೀರಿ. ಯಾವುದು ಖರೆ?

---

ತಟ್ಟೆ_ತೂಕ · ಆಗಸ್ಟ್ 25, ಬೆಳಗ್ಗೆ 11:00

ಕಾಕಾಗೆ ಕವಾಟ ಬದಲಾಯಿಸಿರಬೇಕು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿನೊಕೌಮರಾಲ್ ಅಥವಾ ವಾರ್ಫರಿನ್ ಮಾತ್ರೆ ತಗೊಳ್ಳುತ್ತಿರಬೇಕು. ಚೀಟಿ ನೋಡಿ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಗೆ ಎದುರು ಕೆಲಸ ಮಾಡುತ್ತದೆ. ಅವರು ಸೊಪ್ಪು ಪೂರ್ತಿ ಬಿಡಬೇಕಿಲ್ಲ, ವಾರ ವಾರ ಒಂದೇ ಅಳತೆ ಇರಬೇಕು. ಒಂದು ವಾರ ಏನೂ ಇಲ್ಲ, ಮುಂದಿನ ವಾರ ದಿನಾ ಮಸ್ಸೊಪ್ಪು, ಹಾಗಾಗಬಾರದು. ಸ್ಟೆಂಟ್ ಹಾಕಿ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮಾತ್ರ ತಗೊಳ್ಳುವವರಿಗೆ ಈ ಕಟ್ಟು ಇಲ್ಲ. ಹಾರ್ಟ್ ಪೇಷಂಟ್ ಅಂದರೆ ಎಲ್ಲರಿಗೂ ಒಂದೇ ಪಥ್ಯ ಅಲ್ಲ.

---

ಕೊಬ್ಬರಿ_ಮಂಡಿ · ಆಗಸ್ಟ್ 28, ರಾತ್ರಿ 10:15

ಪೊಟ್ಯಾಸಿಯಂ 4.7ಕ್ಕೆ ಇಳಿದಿದೆ. ಉಸಿರು ಬಂತು.

ನಿನ್ನೆ ಗಣೇಶನ ಹಬ್ಬ. ಅಮ್ಮ ಕರಿಗಡುಬಿನ ಬದಲು ಹಬೆಯಲ್ಲಿ ಬೇಯಿಸಿದ ಕಡುಬು ಮಾಡಿದರು. ಅಪ್ಪ ಎರಡು ತಿಂದರು, ಮೂರನೆಯದಕ್ಕೆ ಕೈ ಹಾಕಿ ತಂಗಿಯ ಮುಖ ನೋಡಿ ವಾಪಸ್ ತೆಗೆದರು. ಕೋಸಂಬರಿ ಮಾತ್ರ ಬೋಗುಣಿ ಖಾಲಿ. ಹೆಸರುಬೇಳೆ, ಸೌತೆಕಾಯಿ, ನಿಂಬೆ, ಉಪ್ಪು ತಿನ್ನುವ ಹೊತ್ತಿಗೆ ಚಿಟಿಕೆ. ಹಬ್ಬಕ್ಕೆ ಮಾತ್ರ ಯಾಕೆ ಮಾಡುತ್ತಿದ್ದೆವೋ ಇಷ್ಟು ದಿನ.

ಅಮ್ಮನ ಬಿಪಿ ನೋಡಿಸಿದೆ, ಬಸ್ಸಾರಮ್ಮ ಅಕ್ಕ. 146/92. ಇನ್ನೆರಡು ಸಲ ನೋಡಿ ಹೇಳುತ್ತೇವೆ ಅಂದಿದ್ದಾರೆ.

---

ಗಾಣದೆಣ್ಣೆ_ಗುರು · ಆಗಸ್ಟ್ 29, ಬೆಳಗ್ಗೆ 7:00

ಒಳ್ಳೆಯದಾಯಿತು. ಅಜ್ಜನ ವಿಷಯ ಕಂಡಕ್ಟರ್ ಸಾರ್ ಹೇಳಿದ್ದು ಯೋಚನೆಗೆ ಹಚ್ಚಿತು. ಅಮ್ಮನನ್ನು ಕೇಳಿದೆ. ಅಜ್ಜನ ಇಬ್ಬರು ಅಣ್ಣಂದಿರು 50ರ ಒಳಗೇ ಹೋದರಂತೆ, ನನಗೆ ಗೊತ್ತೇ ಇರಲಿಲ್ಲ. ತುಪ್ಪ ಮಾತ್ರ ಬಿಡುವುದಿಲ್ಲ, ಮೊದಲೇ ಹೇಳಿರುತ್ತೇನೆ.

---

ತಟ್ಟೆ_ತೂಕ · ಆಗಸ್ಟ್ 29, ಬೆಳಗ್ಗೆ 9:30

ಒಂದು ಟೀ ಚಮಚ ಬಿಸಿ ಅನ್ನಕ್ಕೆ, ಆ ದಿನದ ಎಣ್ಣೆಯಿಂದ ಕಳೆಯಿರಿ. ಬಿಡಿ ಅಂತ ಯಾರು ಅಂದರು? ಒಮ್ಮೆ ಲಿಪಿಡ್ (ರಕ್ತದ ಕೊಬ್ಬಿನ) ಪರೀಕ್ಷೆ ಮಾತ್ರ ಮಾಡಿಸಿಬಿಡಿ.

---

ಕೊಬ್ಬರಿ_ಮಂಡಿ · ನವೆಂಬರ್ 16, ರಾತ್ರಿ 9:20

ಬಹಳ ದಿನ ಆಯಿತು. ಹೊಸ ರಿಪೋರ್ಟ್: ಎಲ್‌ಡಿಎಲ್ 62, ಟ್ರೈಗ್ಲಿಸರೈಡ್ 158, ಎಚ್‌ಡಿಎಲ್ 37. ಬಿಪಿ 128/80. ತೂಕ 4 ಕೆಜಿ ಇಳಿದಿದೆ. ಎಣ್ಣೆ ಮೊದಲು ತಿಂಗಳಿಗೆ ನಾಲ್ಕೂವರೆ ಲೀಟರ್ ತರುತ್ತಿದ್ದೆವು, ಅಂಗಡಿ ಪುಸ್ತಕದಲ್ಲೇ ಇದೆ. ಅಕ್ಟೋಬರ್‌ನಲ್ಲಿ ದೀಪಾವಳಿ ಸೇರಿ ಎರಡೂವರೆ.

ಈಗ ಹೊಸ ತಲೆನೋವು. ಅಪ್ಪ ಲ್ಯಾಬ್ ಚೀಟಿ ಹಿಡಿದು "ಎಲ್ಲಾ ನಾರ್ಮಲ್ ಬಂತಲ್ಲ, ಇನ್ನು ಆ ಕೊಲೆಸ್ಟ್ರಾಲ್ ಮಾತ್ರೆ ಯಾಕೆ, ಊಟದಲ್ಲೇ ನೋಡ್ಕೊಳ್ತೀನಿ" ಅಂತ ಹಟ ಹಿಡಿದಿದ್ದಾರೆ.

---

ನಿವೃತ್ತ_ಕಂಡಕ್ಟರ್ · ನವೆಂಬರ್ 16, ರಾತ್ರಿ 9:45

ಈಗ ಎರಡನೇ ಅಟ್ಯಾಕಿನ ಕತೆ ಹೇಳುವ ಹೊತ್ತು ಬಂತು. ಅಪ್ಪನಿಗೆ ಓದಿ ಹೇಳಪ್ಪ.

2014ರಲ್ಲಿ ಸ್ಟೆಂಟ್ ಹಾಕಿಸಿಕೊಂಡೆ. ಬೀಡಿ ಬಿಟ್ಟೆ, ಬೋಂಡ ಬಿಟ್ಟೆ, ದಿನಾ ಒಂದು ಗಂಟೆ ನಡೆದೆ. 2016ರ ಹೊತ್ತಿಗೆ ರಿಪೋರ್ಟ್ ಕನ್ನಡಿ ಥರ ಇತ್ತು. ನಾನೂ ನಿಮ್ಮಪ್ಪನ ಮಾತನ್ನೇ ಆಡಿದೆ. ಮಾತ್ರೆ ತಿಂದರೆ ಲಿವರ್ ಹೋಗುತ್ತದೆ ಅಂತ ಯಾರೋ ಮೆಸೇಜ್ ಬೇರೆ ಕಳಿಸಿದ್ದರು. ಮಾತ್ರೆ ನಿಲ್ಲಿಸಿದೆ. ಹೆಂಡತಿಗೆ ಗೊತ್ತಾಗದಿರಲಿ ಅಂತ ದಿನಾ ಒಂದು ಮಾತ್ರೆ ಬಿಡಿಸಿ ಹಿತ್ತಲಿನ ದಾಸವಾಳದ ಬುಡಕ್ಕೆ ಎಸೆಯುತ್ತಿದ್ದೆ. ಏಳು ತಿಂಗಳು. ಎಂಟನೇ ತಿಂಗಳು ಡ್ಯೂಟಿಯಲ್ಲಿ, ಟಿಕೆಟ್ ಕೊಡುತ್ತಾ ಕೊಡುತ್ತಾ ಎಡಗೈ ಜೋಮು ಹಿಡಿಯಿತು. ಡ್ರೈವರ್ ಬಸ್ಸನ್ನೇ ಆಸ್ಪತ್ರೆಗೆ ತಿರುಗಿಸಿದ, ಪ್ರಯಾಣಿಕರ ಸಮೇತ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಪಥ್ಯ ಮಾಡಿದ್ದು ಸುಳ್ಳಲ್ಲ. ಆದರೆ ಆ ರಿಪೋರ್ಟ್ ಪಥ್ಯದ್ದು ಅಂದುಕೊಂಡೆ. ಅರ್ಧಕ್ಕಿಂತ ಜಾಸ್ತಿ ಮಾತ್ರೆಯದ್ದಾಗಿತ್ತು.

---

ತಟ್ಟೆ_ತೂಕ · ನವೆಂಬರ್ 17, ಬೆಳಗ್ಗೆ 8:40

ಕಂಡಕ್ಟರ್ ಸರ್ ಹೇಳಿದ ಮೇಲೆ ನನ್ನದು ಎರಡೇ ಮಾತು. ಕೊಲೆಸ್ಟ್ರಾಲ್ ಬಹುಪಾಲು ನಮ್ಮ ಲಿವರ್ ತಾನೇ ತಯಾರಿಸುತ್ತದೆ, ತಟ್ಟೆಯಿಂದ ಬರುವುದು ಕಡಿಮೆ. 148ರಿಂದ 62ಕ್ಕೆ ಬರೀ ಊಟ ಇಳಿಸುವುದಿಲ್ಲ. ಲ್ಯಾಬ್ ಚೀಟಿಯಲ್ಲಿ ನಾರ್ಮಲ್ 100ರ ಒಳಗೆ ಅಂತ ಇರುವುದು ಏನೂ ಆಗಿಲ್ಲದವರಿಗೆ. ಸ್ಟೆಂಟ್ ಆದವರಿಗೆ 55ರ ಒಳಗೆ ಇರಲಿ ಅಂತ ಹೃದಯ ವೈದ್ಯರು ನೋಡುತ್ತಾರೆ. ಅಂದರೆ ಅಪ್ಪ ಇನ್ನೂ ಗೆದ್ದಿಲ್ಲ, ಏಳು ಅಂಕ ಬಾಕಿ. ಮಾತ್ರೆ ಬದಲಾಯಿಸುವುದೋ ಏರಿಸುವುದೋ ಅವರ ಡಾಕ್ಟರಿಗೆ ಬಿಡಿ.

ಟ್ರೈಗ್ಲಿಸರೈಡ್ ಮತ್ತು ತೂಕ ಇಳಿದಿದೆಯಲ್ಲ, ಅದರಲ್ಲಿ ನಿಮ್ಮ ಅಡುಗೆ ಮನೆಯ ಪಾಲು ದೊಡ್ಡದು. ಆ ಶ್ರೇಯಸ್ಸು ಅಮ್ಮನಿಗೆ ಕೊಡಿ.

---

ಕೊಬ್ಬರಿ_ಮಂಡಿ · ನವೆಂಬರ್ 19, ರಾತ್ರಿ 8:50

ಓದಿ ಹೇಳಿದೆ. ಅಪ್ಪ ದಾಸವಾಳದ ಬುಡದ ಕತೆಗೆ ಮೊದಲು ನಕ್ಕರು. ಬಸ್ ಆಸ್ಪತ್ರೆಗೆ ತಿರುಗಿದ ಸಾಲು ಬಂದಾಗ ಸುಮ್ಮನಾದರು. ರಾತ್ರಿ ಮಾತ್ರೆ ತಾವೇ ಕೇಳಿ ತಗೊಂಡರು. ಇಷ್ಟು ದಿನ ಅಮ್ಮ ಕೊಡಬೇಕಿತ್ತು.

ಇನ್ನೊಂದು. ಬೆಳಗ್ಗೆ ಉಪ್ಪಿನ ಪ್ಯಾಕೆಟ್ ಖಾಲಿ ಆಯಿತು. 43 ದಿನ. ಹೊಸದನ್ನು ಅಪ್ಪನೇ ಕತ್ತರಿಸಿ, ಮಂಡಿಯಲ್ಲಿ ಚೀಲದ ಮೇಲೆ ನಂಬರ್ ಹಾಕುವ ದಪ್ಪ ಮಾರ್ಕರ್‌ನಲ್ಲಿ "19/11" ಅಂತ ಬರೆದು ಅದರ ಕೆಳಗೆ ಒಂದು ಗೆರೆ ಎಳೆದಿದ್ದಾರೆ.

---

ಬಸ್ಸಾರಮ್ಮ · ನವೆಂಬರ್ 19, ರಾತ್ರಿ 9:15

43! ನಮ್ಮದು ಈ ಸಲ 46. ಅಪ್ಪನಿಗೆ ಹೇಳು, ಹಾಸನದವರು ಇನ್ನೂ ಮುಂದಿದ್ದಾರೆ ಅಂತ. ಅಮ್ಮನ ಬಿಪಿ ಏನಾಯಿತು, ಬರೆಯಲೇ ಇಲ್ಲ?